ಶಾಕರ್ ಲಿಜಾರ್ಡ್

ಶಾಕರ್ ಲಿಜಾರ್ಡ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದಲ್ಲಿ ಬರುವ ಒಂದು ಕಾಲ್ಪನಿಕ ಸರೀಸೃಪ. 2000ರಲ್ಲಿ ಪ್ರಕಟವಾದ ಮೂರನೆಯ ಆವೃತ್ತಿಯ 'ಮಾನ್‌ಸ್ಟರ್ ಮ್ಯಾನ್ಯುಯಲ್' ಗ್ರಂಥವು ಇದನ್ನು ಮಾಂತ್ರಿಕ ಮೃಗಗಳ ವರ್ಗಕ್ಕೆ ಸೇರಿಸಿದೆ. ಬೆಚ್ಚನೆಯ ಜೌಗು ಪ್ರದೇಶ ಇದರ ನೆಲೆ. ಭುಜದವರೆಗಿನ ಎತ್ತರ ಸುಮಾರು 1 ಅಡಿ.

ಕಡಿತಕ್ಕಿಂತ ವಿದ್ಯುದಾಘಾತವೇ ಇದರ ಮುಖ್ಯ ಆಯುಧ. ಒಂಟಿ ಹಲ್ಲಿಯ ಆಘಾತವು ಎದುರಾಳಿಯ ಪ್ರಜ್ಞೆ ತಪ್ಪಿಸಬಲ್ಲದೇ ಹೊರತು ಕೊಲ್ಲಲಾರದು; ಆಘಾತ ನೀಡಿದೊಡನೆ ಅದು ಪಲಾಯನ ಮಾಡುತ್ತದೆ. ಆದರೆ 20 ಅಡಿಗಳೊಳಗೆ ಎರಡು ಅಥವಾ ಹೆಚ್ಚು ಹಲ್ಲಿಗಳಿದ್ದರೆ ಅವು ಒಟ್ಟುಗೂಡಿ ಮಾರಕ ಆಘಾತವನ್ನು ಉಂಟುಮಾಡುತ್ತವೆ. ಇದರ ಹಾನಿಯನ್ನು ಹಲ್ಲಿಯೊಂದಕ್ಕೆ ಎಂಟು ಮುಖಗಳ 2 ದಾಳಗಳಂತೆ, ಗರಿಷ್ಠ 12 ದಾಳಗಳನ್ನು ಉರುಳಿಸಿ ಲೆಕ್ಕಹಾಕಲಾಗುತ್ತದೆ. 100 ಅಡಿಗಳೊಳಗಿನ ವಿದ್ಯುತ್ ವಿಸರ್ಜನೆಯನ್ನು ಗ್ರಹಿಸಬಲ್ಲ ಇವು ಸಂಗಾತಿಯ ನೆರವಿಗೆ ಧಾವಿಸುತ್ತವೆ. ಆದುದರಿಂದ ಒಂದೇ ಹಲ್ಲಿಯೆಂದು ಉಪೇಕ್ಷಿಸಿದ ತಂಡವು ಸಂಕಟಕ್ಕೆ ಸಿಲುಕುವ ಸಂಭವವಿದೆ. ನಿಸರ್ಗದಲ್ಲಿ ಇಂತಹ ಶಕ್ತಿ ವಿದ್ಯುತ್ ಈಲ್ ಮೊದಲಾದ ಮೀನುಗಳಿಗುಂಟು. ತಿಳಿದಿರುವ ಯಾವ ಸರೀಸೃಪಕ್ಕೂ ಇಲ್ಲ.