ಸಾಗಾದ ಪುಟ್ಟ ಉಗಿಬಂಡಿ: ನೋಡಿ ಕಂಡದ್ದು, ಮಾಡಿ ತಿಳಿದದ್ದು

ಯಂತ್ರದ ಮಾದರಿ ಎಂದೊಡನೆ ನಮಗೆ ನೆನಪಾಗುವುದು ಶಾಲೆಯ ವಿಜ್ಞಾನ ವಸ್ತುಪ್ರದರ್ಶನ. ರಟ್ಟು, ತಗಡು, ಅಂಟು, ಬಣ್ಣಗಳಿಂದ ಮಾಡಿದ ಅಣೆಕಟ್ಟೋ ರೈಲುಬಂಡಿಯೋ ಎರಡು ದಿನ ಮೇಜಿನ ಮೇಲಿದ್ದು, ಆಮೇಲೆ ಅಟ್ಟ ಸೇರುತ್ತದೆ. ಆದ್ದರಿಂದಲೇ ಮಾದರಿ ಮಾಡುವುದೆಂದರೆ ಮಕ್ಕಳ ಆಟ, ಬಿಡುವಿನ ವೇಳೆಯ ಹವ್ಯಾಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಇತಿಹಾಸದಲ್ಲಿ ಒಂದು ನಾಡಿನ ಮಾನ, ರಕ್ಷಣೆ ಮತ್ತು ಭವಿಷ್ಯ ಒಂದು ಪುಟ್ಟ ಉಗಿಬಂಡಿಯ ಮಾದರಿಯೊಂದಿಗೆ ತಳುಕುಹಾಕಿಕೊಂಡ ಸಂದರ್ಭವೂ ಉಂಟು. ಅದು ನಡೆದದ್ದು ಜಪಾನಿನಲ್ಲಿ, 1855ರಲ್ಲಿ. ನಿಜವಾದ ರೈಲನ್ನು ಒಮ್ಮೆಯೂ ಕಂಡಿರದ ಕೆಲವು ಕುಶಲಕರ್ಮಿಗಳು, ಕಚ್ಚಾ ಲೋಹದಿಂದಲೇ ಆರಂಭಿಸಿ, ಉಗಿಯ ಬಲದಿಂದ ಓಡುವ ಬಂಡಿಯೊಂದನ್ನು ಕಟ್ಟಿದರು. ಅವರು ಅದನ್ನು ಏಕೆ ಕಟ್ಟಿದರು, ಹೇಗೆ ಕಟ್ಟಿದರು, ಅದರಿಂದ ಏನು ಫಲ ಬಂತು ಎಂಬುದನ್ನು ಇಲ್ಲಿ ನೋಡೋಣ.

ಮುಚ್ಚಿದ ಬಾಗಿಲು, ಸೋತ ಕಾವಲು

ಹದಿನೇಳನೆಯ ಶತಮಾನದ ಮಧ್ಯಭಾಗದಿಂದ ಸುಮಾರು ಇನ್ನೂರು ವರ್ಷಗಳ ಕಾಲ ಜಪಾನು ಹೊರಜಗತ್ತಿಗೆ ತನ್ನ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿಕೊಂಡಿತ್ತು. ಯುರೋಪಿನವರಲ್ಲಿ ಡಚ್ಚರಿಗೆ ಮಾತ್ರ ವ್ಯಾಪಾರಕ್ಕೆ ಅನುಮತಿ. ಅದೂ ನಾಗಸಾಕಿ ಬಂದರಿನ ದೆಜಿಮಾ ಎಂಬ ಸಣ್ಣ ಕೃತಕ ದ್ವೀಪದಲ್ಲಿ ಮಾತ್ರ. ಈ ಬಂದರಿನ ಕಾವಲಿನ ಹೊಣೆಯನ್ನು ಸಾಗಾ ಮತ್ತು ಫುಕುವೊಕಾ ಎಂಬ ಎರಡು ಸಂಸ್ಥಾನಗಳು ಸರದಿಯಂತೆ ಹೊರುತ್ತಿದ್ದವು.

1808ರಲ್ಲಿ 'ಫೇಟನ್' ಎಂಬ ಬ್ರಿಟಿಷ್ ಯುದ್ಧನೌಕೆ ಡಚ್ ಬಾವುಟ ಹಾರಿಸಿಕೊಂಡು ಮೋಸದಿಂದ ನಾಗಸಾಕಿ ಬಂದರನ್ನು ಹೊಕ್ಕಿತು. ಆಗ ಸಾಗಾದ ಸರದಿ. ಆದರೆ ಇರಬೇಕಾದಷ್ಟು ಕಾವಲುಪಡೆ ಅಲ್ಲಿರಲಿಲ್ಲ. ಆಂಗ್ಲರು ಬೆದರಿಕೆ ಹಾಕಿ, ಬೇಕಾದ ಆಹಾರ ಸಾಮಗ್ರಿ ಪಡೆದು ಹೊರಟುಹೋದರು. ಅವಮಾನ ತಾಳಲಾರದೆ ನಾಗಸಾಕಿಯ ಆಡಳಿತಾಧಿಕಾರಿ ಪ್ರಾಣತ್ಯಾಗ ಮಾಡಿದನು. ಸಾಗಾದ ಅರಸನಿಗೆ ಗೃಹಬಂಧನದ ಶಿಕ್ಷೆಯಾಯಿತು. ಹಳೆಯ ಫಿರಂಗಿಗಳಿಂದ ಹೊಸ ಹಡಗುಗಳನ್ನು ತಡೆಯಲಾಗದು ಎಂಬ ಸತ್ಯ ಆ ಸಂಸ್ಥಾನದ ಮನಸ್ಸಿನಲ್ಲಿ ಮುಳ್ಳಿನಂತೆ ನಾಟಿತು.

1830ರಲ್ಲಿ ಪಟ್ಟಕ್ಕೆ ಬಂದ ಅರಸ ನಬೇಷಿಮಾ ನವೊಮಾಸಾ ಈ ಮುಳ್ಳನ್ನು ತೆಗೆಯಲು ಹೊರಟನು. 1850ರಲ್ಲಿ ಅವನ ಆಳ್ವಿಕೆಯಲ್ಲಿ, ಒಂದು ಡಚ್ ಪುಸ್ತಕವನ್ನು ಅನುವಾದಿಸಿಕೊಂಡು, ಕಬ್ಬಿಣದ ಫಿರಂಗಿ ಎರಕ ಹೊಯ್ಯುವ ದೊಡ್ಡ ಕುಲುಮೆಯ ಕೆಲಸ ಆರಂಭವಾಯಿತು. ಹಲವು ಸಲ ಎರಕ ಕೆಟ್ಟಿತು. ಕೊನೆಗೆ ಕೈಗೂಡಿತು. 1852ರಲ್ಲಿ 'ಸೈರೆನ್‌ಕತಾ' ಎಂಬ ಪ್ರಯೋಗಶಾಲೆ ಸ್ಥಾಪನೆಯಾಯಿತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಸಂಶೋಧನಾಲಯವೂ ಹೌದು, ಕಾರ್ಯಾಗಾರವೂ ಹೌದು.

ಹಡಗಿನಲ್ಲಿ ಓಡಿದ ಬಂಡಿ

ಮರುವರ್ಷ, ಎಂದರೆ 1853ರಲ್ಲಿ, ರಷ್ಯಾದ ನೌಕಾಧಿಪತಿ ಪುತ್ಯಾತಿನ್ ತನ್ನ 'ಪಲ್ಲಾದಾ' ನೌಕೆಯೊಂದಿಗೆ ನಾಗಸಾಕಿಗೆ ಬಂದನು. ಕಾದಂಬರಿಕಾರ ಇವಾನ್ ಗೊಂಚರೋವ್ ಆ ತಂಡದ ಕಾರ್ಯದರ್ಶಿಯಾಗಿದ್ದನು. ರಷ್ಯನ್ನರು ಒಂದು ಪುಟ್ಟ ಉಗಿಬಂಡಿಯ ಮಾದರಿಯನ್ನು ತಂದಿದ್ದರು. ಹಡಗಿಗೆ ಬಂದ ಜಪಾನೀಯರ ಮುಂದೆ ಅದನ್ನು ಹಳಿಯ ಮೇಲೆ ಓಡಿಸಿ ತೋರಿಸಿದರು. ನೋಡಿದವರಲ್ಲಿ ಸಾಗಾದವರೂ ಇದ್ದರು. ಬಂಡಿ ಎಳೆಯಲು ಎತ್ತಿಲ್ಲ, ಕುದುರೆಯಿಲ್ಲ, ಗಡಿಯಾರದಲ್ಲಿರುವಂಥ ಸುರುಳಿಯೂ ಇಲ್ಲ. ನೀರು ಕುದಿಯುತ್ತದೆ, ಚಕ್ರ ತಿರುಗುತ್ತದೆ. ಈ ಸುದ್ದಿ ಸಾಗಾದ ಪ್ರಯೋಗಶಾಲೆಗೆ ತಲುಪಿತು.

1854ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಪೆರ್ರಿ ಇನ್ನೂ ದೊಡ್ಡದೊಂದು ಮಾದರಿಯನ್ನು ಯೊಕೊಹಾಮಾದಲ್ಲಿ ಶೋಗನ್ ಸರ್ಕಾರಕ್ಕೆ ಕಾಣಿಕೆಯಾಗಿ ಕೊಟ್ಟನು. ಅದು ನಿಜವಾದ ಎಂಜಿನಿನ ನಾಲ್ಕನೆಯ ಒಂದು ಅಳತೆಯದು. ಅದರ ಡಬ್ಬಿಯೊಳಗೆ ಸಣ್ಣ ಮಗುವಷ್ಟೇ ಕೂರಬಹುದಿತ್ತು. ಆದರೂ ಜಪಾನಿನ ಅಧಿಕಾರಿಗಳು ಬಿಡದೆ, ಡಬ್ಬಿಯ ಮೇಲ್ಛಾವಣಿಯ ಮೇಲೆ ಕುಳಿತು ವೃತ್ತಾಕಾರದ ಹಳಿಯ ಮೇಲೆ ಸುತ್ತು ಹೊಡೆದರು.

ಕಾಣಿಕೆ ಕೊಟ್ಟವರ ಉದ್ದೇಶ ಸ್ಪಷ್ಟ: 'ನಮ್ಮ ಶಕ್ತಿ ಇಷ್ಟು, ಒಪ್ಪಂದಕ್ಕೆ ಬನ್ನಿ' ಎಂಬುದು ಅದರ ಅರ್ಥ. ಅದೇ ತಿಂಗಳ ಕೊನೆಯಲ್ಲಿ ಒಪ್ಪಂದಕ್ಕೆ ಸಹಿಯೂ ಬಿತ್ತು. ಬೆರಗಾಗುವುದು ಸುಲಭ. ಆದರೆ ಸಾಗಾದವರು ಬೆರಗಿನಲ್ಲಿಯೇ ನಿಲ್ಲಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಮೂರು ವಿದ್ಯೆಗಳ ಕೂಟ

ಪ್ರಯೋಗಶಾಲೆಯ ಹೊಣೆ ಹೊತ್ತ ಸಾನೊ ಟ್ಸುನೆತಾಮಿ ದೂರದೃಷ್ಟಿಯುಳ್ಳವನು. ಮುಂದೆ ಜಪಾನಿನ ರೆಡ್ ಕ್ರಾಸ್ ಸಂಸ್ಥೆಯನ್ನು ಕಟ್ಟಿದವನೂ ಇವನೇ. ಉಗಿಯಂತ್ರದಂಥ ಕೆಲಸ ಒಬ್ಬನಿಂದ ಆಗದು ಎಂದು ತಿಳಿದು, ಬೇರೆ ಬೇರೆ ವಿದ್ಯೆ ಬಲ್ಲವರನ್ನು ಅವನು ಕ್ಯೋಟೊ ನಗರದಿಂದ ಸಾಗಾಕ್ಕೆ ಕರೆತಂದನು. ಇಷಿಗುರೊ ಕಾಂಜಿ ಡಚ್ ಭಾಷೆ ಬಲ್ಲವನು, ಪುಸ್ತಕಗಳನ್ನು ಅನುವಾದಿಸಬಲ್ಲವನು. ನಕಾಮುರಾ ಕಿಸುಕೆ ಭೌತ ಮತ್ತು ರಸಾಯನ ವಿಜ್ಞಾನಗಳಲ್ಲಿ ನುರಿತವನು. ಮೂರನೆಯವನೇ ತನಾಕಾ ಹಿಸಾಷಿಗೆ, ಕೈಕಸುಬಿನವನು.

ತನಾಕಾ 1799ರಲ್ಲಿ ಕುರುಮೆ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಆಮೆಚಿಪ್ಪಿನ ಕುಸುರಿ ಕೆಲಸಗಾರ. ಮಗ ಎಳವೆಯಲ್ಲಿಯೇ ಯಂತ್ರದ ಗೊಂಬೆಗಳನ್ನು ಮಾಡಿ ಹೆಸರಾದನು. ಅವನ ಗೊಂಬೆಗಳು ತಾವಾಗಿಯೇ ಬಾಣ ಹೂಡಿ ಗುರಿಯಿಟ್ಟು ಬಿಡುತ್ತಿದ್ದವು, ಕುಂಚ ಹಿಡಿದು ಅಕ್ಷರ ಬರೆಯುತ್ತಿದ್ದವು. ಮುಂದೆ ಅವನು ಗಾಳಿಯ ಒತ್ತಡದಿಂದ ಎಣ್ಣೆ ಮೇಲೇರುವ ದೀಪವನ್ನು ಮಾಡಿದನು. 1851ರಲ್ಲಿ ಆರು ಮುಖಗಳ ಅದ್ಭುತವಾದ ಗಡಿಯಾರವೊಂದನ್ನು ಪೂರ್ತಿಗೊಳಿಸಿದನು. ಆ ಗಡಿಯಾರ ಇಂದಿಗೂ ಉಳಿದಿದೆ. ಸಾಗಾಕ್ಕೆ ಬಂದಾಗ ಅವನಿಗೆ ಐವತ್ತು ದಾಟಿತ್ತು. ಹೊಸ ವಿದ್ಯೆ ಕಲಿಯಲು ವಯಸ್ಸು ಅಡ್ಡಿಯಾಗಲಿಲ್ಲ.

ಭಾಷೆ ಬಲ್ಲವನು, ತತ್ತ್ವ ಬಲ್ಲವನು, ಕೈ ಬಲ್ಲವನು ಒಂದೇ ಸೂರಿನಡಿ ಕುಳಿತದ್ದು ಈ ಸಾಹಸದ ಮೊದಲ ಗುಟ್ಟು. ಪುಸ್ತಕದಲ್ಲಿ ಚಿತ್ರವಿರುತ್ತದೆ, ಆದರೆ ಚಿತ್ರದೊಳಗಿನ ಕವಾಟ ಯಾವ ಕ್ಷಣದಲ್ಲಿ ತೆರೆಯಬೇಕೆಂಬುದು ಗೆರೆಯಲ್ಲಿ ಕಾಣುವುದಿಲ್ಲ. ಕೈಗೆ ಲೋಹ ಬಾಗುತ್ತದೆ, ಆದರೆ ಏಕೆ ಹೀಗೆಯೇ ಬಾಗಬೇಕು ಎಂಬುದನ್ನು ತತ್ತ್ವ ಹೇಳಬೇಕು.

ಕಟ್ಟುವ ಕಷ್ಟ

ಉಗಿಬಂಡಿಯನ್ನು ಬುಡದಿಂದ ಕಟ್ಟುವವನು ಯಾರೇ ಆಗಲಿ, ಎಲ್ಲಿಯೇ ಆಗಲಿ, ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು.

ಮೊದಲನೆಯದು ಬಾಯ್ಲರು. ನೀರು ಉಗಿಯಾದಾಗ ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗಲು ಹವಣಿಸುತ್ತದೆ. ಆ ಒತ್ತಡವನ್ನು ತಡೆಯುವಂತೆ ಬಾಯ್ಲರಿನ ಹೊಲಿಗೆಗಳು ಬಿಗಿಯಾಗಿರಬೇಕು. ಅಡುಗೆಪಾತ್ರೆಯ ಬೆಸುಗೆ ಇಲ್ಲಿ ಸಾಲದು. ಒಂದು ಸಣ್ಣ ಸೋರಿಕೆಯಿದ್ದರೂ ಬಂಡಿ ನಿಂತಲ್ಲೇ ನಿಲ್ಲುತ್ತದೆ. ಬಲವಿಲ್ಲದ ಬಾಯ್ಲರು ಸಿಡಿದರೆ ಪಕ್ಕದಲ್ಲಿದ್ದವನ ಪ್ರಾಣಕ್ಕೇ ಸಂಚಕಾರ.

ಎರಡನೆಯದು ಸಿಲಿಂಡರು ಮತ್ತು ಪಿಸ್ಟನ್. ಪಿಸ್ಟನ್ ಸಡಿಲವಾದರೆ ಉಗಿ ಪಕ್ಕದಿಂದ ನುಸುಳಿಹೋಗುತ್ತದೆ, ಬಿಗಿಯಾದರೆ ಅಲುಗಾಡುವುದೇ ಇಲ್ಲ. ಕೂದಲೆಳೆಯಷ್ಟು ಅಂತರದಲ್ಲಿ ಗೆಲುವು ಸೋಲು ನಿರ್ಧಾರವಾಗುತ್ತದೆ.

ಮೂರನೆಯದು ಕಾಲದ ಪ್ರಶ್ನೆ. ಉಗಿ ಪಿಸ್ಟನ್ನಿನ ಒಂದು ಬದಿಗೆ, ಆಮೇಲೆ ಇನ್ನೊಂದು ಬದಿಗೆ ಸರದಿಯಂತೆ ಹೋಗಬೇಕು. ಕೆಲಸ ಮುಗಿಸಿದ ಉಗಿ ಹೊರಬೀಳಬೇಕು. ಪಿಸ್ಟನ್ ಕೊನೆಯ ತುದಿಗೆ ಬಂದು ನಿಂತ ಕ್ಷಣದಲ್ಲಿ ಚಕ್ರಕ್ಕೆ ನೂಕುವ ಬಲವೇ ಇರುವುದಿಲ್ಲ. ಅದಕ್ಕಾಗಿ ರೈಲು ಎಂಜಿನುಗಳಲ್ಲಿ ಎರಡು ಸಿಲಿಂಡರುಗಳನ್ನಿಟ್ಟು, ಒಂದಕ್ಕಿಂತ ಇನ್ನೊಂದು ಕಾಲು ಸುತ್ತು ಮುಂದಿರುವಂತೆ ಜೋಡಿಸುತ್ತಾರೆ. ಒಂದು ಸೋತಾಗ ಇನ್ನೊಂದು ನೂಕುತ್ತದೆ.

ಬಂಡಿ ಓಡುವುದನ್ನು ಹಡಗಿನಲ್ಲಿ ನಿಂತು ನೋಡಿದವನಿಗೆ ಇವು ಯಾವುವೂ ಕಾಣುವುದಿಲ್ಲ. ಕಟ್ಟಲು ಕುಳಿತವನಿಗೆ ಒಂದೊಂದೂ ಎದುರಾಗುತ್ತದೆ. ಸಾಗಾದ ತಂಡ ಇವೆಲ್ಲವನ್ನೂ ಬಿಡಿಸಿಕೊಂಡು, ಮದ್ಯಸಾರದ ಉರಿಯಿಂದ ನೀರು ಕಾಯಿಸಿ ಓಡುವ ಬಂಡಿಯನ್ನು 1855ರಲ್ಲಿ ಸಿದ್ಧಗೊಳಿಸಿತು. ಅರಸ ನವೊಮಾಸಾನ ಮುಂದೆ ಅದನ್ನು ಓಡಿಸಿ ತೋರಿಸಲಾಯಿತು. ಜಪಾನೀಯರ ಕೈಯಿಂದಲೇ ತಯಾರಾದ ಮೊದಲ ಉಗಿಬಂಡಿಯ ಮಾದರಿ ಇದೆಂದು ಪ್ರಸಿದ್ಧವಾಗಿದೆ. ಅದನ್ನು ಇಂದಿಗೂ ಕಾಪಾಡಿಕೊಂಡು ಬರಲಾಗಿದೆ.

ಮಾದರಿ ಗೆದ್ದರೆ ಸಾಕೆ?

ಮಾದರಿ ಓಡಿತು, ಇನ್ನು ದೊಡ್ಡದನ್ನು ಮಾಡಿದರಾಯಿತು ಎಂದು ಯಾರಿಗಾದರೂ ಅನಿಸಬಹುದು. ಇಲ್ಲಿಯೇ ಒಂದು ತೊಡಕಿದೆ. ವಿದ್ಯಾರ್ಥಿಗಳು ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಬಹುದು. ಎಲ್ಲ ಅಳತೆಗಳನ್ನೂ ಹತ್ತು ಪಟ್ಟು ಹೆಚ್ಚಿಸಿದರೆ ಮೇಲ್ಮೈ 100 ಪಟ್ಟು ಹೆಚ್ಚುತ್ತದೆ, ಗಾತ್ರ ಮತ್ತು ತೂಕ 1000 ಪಟ್ಟು ಹೆಚ್ಚುತ್ತವೆ. ಒಂದು ಕಿಲೋಗ್ರಾಂ ತೂಗುವ ಬಾಯ್ಲರಿನ ಜಾಗದಲ್ಲಿ ಒಂದು ಟನ್ ತೂಗುವ ಬಾಯ್ಲರು ಬರುತ್ತದೆ. ಅದೇ ಒತ್ತಡವನ್ನು ತಾಳಬೇಕಾದರೆ ಅದರ ತಗಡೂ ಹತ್ತು ಪಟ್ಟು ದಪ್ಪವಿರಬೇಕು. ತೆಳು ತಗಡನ್ನು ಸುತ್ತಿಗೆಯಿಂದ ಬಡಿದು ಬಾಗಿಸಬಹುದು. ದಪ್ಪ ತಗಡನ್ನು ಬಾಗಿಸಲು, ತೂತು ಕೊರೆಯಲು, ಮೊಳೆ ಹೊಡೆದು ಕೂಡಿಸಲು ಬೇರೆಯೇ ಯಂತ್ರಗಳು ಬೇಕು. ಯಂತ್ರ ಮಾಡಲು ಯಂತ್ರ ಬೇಕು ಎಂಬ ಈ ಸತ್ಯವನ್ನು ಮಾದರಿ ಅವರಿಗೆ ಮನದಟ್ಟು ಮಾಡಿಕೊಟ್ಟಿತು.

ಸಾಗಾದ ನಿಜವಾದ ಕಣ್ಣು ಇದ್ದದ್ದು ರೈಲಿನ ಮೇಲಲ್ಲ, ಉಗಿಹಡಗಿನ ಮೇಲೆ. ಕಾಯಬೇಕಾದದ್ದು ಬಂದರನ್ನಲ್ಲವೆ! ಈ ತಂಡ ಹಡಗಿನ ಮಾದರಿಗಳನ್ನೂ ಮಾಡಿತು. ಬಳಿಕ ಮಿಯೆತ್ಸು ಎಂಬಲ್ಲಿ ಹಡಗುಕಟ್ಟೆ ಬೆಳೆಯಿತು. ಪುಟ್ಟ ಬಂಡಿ ಓಡಿದ ಹತ್ತು ವರ್ಷಗಳ ನಂತರ, 1865ರಲ್ಲಿ, 'ರ‍್ಯೋಫು ಮಾರು' ಎಂಬ ಉಗಿಹಡಗು ಅಲ್ಲಿ ಸಿದ್ಧವಾಯಿತು. ಮಿಯೆತ್ಸುವಿನ ಅವಶೇಷಗಳು 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ತನಾಕಾ 1875ರಲ್ಲಿ ಟೋಕಿಯೊ ನಗರದಲ್ಲಿ ತಂತಿ ಸಲಕರಣೆಗಳ ಕಾರ್ಖಾನೆ ತೆರೆದನು. ಇಂದಿನ ತೋಷಿಬಾ ಸಂಸ್ಥೆಯ ಒಂದು ಬೇರು ಅಲ್ಲಿದೆ.

ರೈಲಿನ ಕಥೆ ಇನ್ನೂ ನಿಧಾನವಾಗಿ ಸಾಗಿತು. 1872ರಲ್ಲಿ ಟೋಕಿಯೊದ ಷಿಂಬಾಷಿಯಿಂದ ಯೊಕೊಹಾಮಾಕ್ಕೆ 29 ಕಿಲೋಮೀಟರ್ ಉದ್ದದ ಮೊದಲ ರೈಲುಮಾರ್ಗ ತೆರೆಯಿತು. ಅದಕ್ಕಾಗಿ ಮುಂದೆ ನಿಂತು ದುಡಿದ ಓಕುಮಾ ಷಿಗೆನೊಬು ಸಾಗಾದವನೇ. ಆದರೆ ಎಂಜಿನುಗಳು ಬ್ರಿಟನ್ನಿನಿಂದ ಬಂದವು, ಎಂಜಿನಿಯರುಗಳೂ ಅಲ್ಲಿಂದಲೇ ಬಂದರು. ಜಪಾನಿನ ನೆಲದಲ್ಲಿಯೇ ಪೂರ್ಣಪ್ರಮಾಣದ ರೈಲು ಎಂಜಿನು ತಯಾರಾದದ್ದು 1893ರಲ್ಲಿ, ಕೋಬೆಯ ಕಾರ್ಯಾಗಾರದಲ್ಲಿ. ಮಾದರಿಗೂ ನಿಜಯಂತ್ರಕ್ಕೂ ನಡುವೆ 38 ವರ್ಷಗಳು! ಆ ಕೆಲಸದ ಮೇಲ್ವಿಚಾರಕನಾಗಿದ್ದವನು ರಿಚರ್ಡ್ ಫ್ರಾನ್ಸಿಸ್ ಟ್ರೆವಿಥಿಕ್ ಎಂಬ ಆಂಗ್ಲ. 1804ರಲ್ಲಿ ವೇಲ್ಸ್ ಸೀಮೆಯಲ್ಲಿ ಹಳಿಯ ಮೇಲೆ ಮೊದಲ ಉಗಿ ಎಂಜಿನನ್ನು ಓಡಿಸಿದ ರಿಚರ್ಡ್ ಟ್ರೆವಿಥಿಕ್ ಅವನ ತಾತ. ಆ ತಾತನೂ ದೊಡ್ಡ ಎಂಜಿನಿಗೆ ಕೈಹಾಕುವ ಮುನ್ನ ಪುಟ್ಟ ಮಾದರಿಗಳನ್ನು ಮಾಡಿ ಓಡಿಸಿ ನೋಡಿದ್ದವನೇ ಎಂಬುದು ಸ್ವಾರಸ್ಯದ ಸಂಗತಿ.

ನಮ್ಮ ನಾಡಿನ ಕಡೆ ಒಂದು ನೋಟ

ಪಲ್ಲಾದಾ ನೌಕೆಯಲ್ಲಿ ಜಪಾನೀಯರು ಮಾದರಿ ಬಂಡಿಯನ್ನು ನೋಡಿದ 1853ರಲ್ಲಿಯೇ ನಮ್ಮ ದೇಶದಲ್ಲಿ ಬೊಂಬಾಯಿಯಿಂದ ಠಾಣೆಗೆ ನಿಜವಾದ ರೈಲು ಓಡಿತು. 1864ರಲ್ಲಿ ಬೆಂಗಳೂರಿಗೂ ರೈಲು ಬಂತು. ಆದರೆ ಈ ದೇಶದಲ್ಲಿ ತಯಾರಾದ ಮೊದಲ ಎಂಜಿನನ್ನು ನೋಡಲು 1895ರವರೆಗೆ ಕಾಯಬೇಕಾಯಿತು. ಅದನ್ನು ಕಟ್ಟಿದ್ದು ಅಜ್ಮೀರದ ಕಾರ್ಯಾಗಾರ. ರೈಲು ನಮಗೆ ಮೊದಲೇ ಬಂತು, ಆದರೆ ಅದನ್ನು ತಂದವರೂ ನಡೆಸಿದವರೂ ಪರಕೀಯರು. ಯಂತ್ರದ ಗುಟ್ಟನ್ನು ಈ ನಾಡಿನವರು ಕಲಿಯಬೇಕೆಂಬ ಆತುರ ಅವರಿಗಿರಲಿಲ್ಲ. ನಮ್ಮಲ್ಲಿ ಒಳ್ಳೆಯ ಕಮ್ಮಾರರು, ಕಂಚುಗಾರರು, ಅಕ್ಕಸಾಲಿಗರು ಇರಲಿಲ್ಲವೆಂದಲ್ಲ. ಅವರನ್ನೂ ವಿದ್ವಾಂಸರನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ಸೈರೆನ್‌ಕತಾದಂಥ ಒಂದು ಮನೆ ಇರಲಿಲ್ಲ. 1898ರಲ್ಲಿ ಜಪಾನ್ ಪ್ರವಾಸ ಮಾಡಿದ ಸರ್ ಎಂ. ವಿಶ್ವೇಶ್ವರಯ್ಯನವರು ಮುಂದೆ ಮೈಸೂರಿನ ದಿವಾನರಾಗಿ ಕೈಗಾರಿಕೆಗೂ ತಾಂತ್ರಿಕ ಶಿಕ್ಷಣಕ್ಕೂ ಅಷ್ಟೊಂದು ಒತ್ತು ಕೊಟ್ಟದ್ದನ್ನು ಈ ಹಿನ್ನೆಲೆಯಲ್ಲಿ ನೆನೆಯಬೇಕು.

ಸಾಗಾದ ಆ ಪುಟ್ಟ ಬಂಡಿ ಒಬ್ಬ ಪ್ರಯಾಣಿಕನನ್ನೂ ಹೊತ್ತೊಯ್ಯಲಿಲ್ಲ, ಒಂದು ಮೂಟೆ ಅಕ್ಕಿಯನ್ನೂ ಸಾಗಿಸಲಿಲ್ಲ. ಆದರೆ ಅದನ್ನು ಕಟ್ಟಿದವರಿಗೆ ತಮಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ಕಣ್ಣಿಗೆ ಕಟ್ಟುವಂತೆ ತಿಳಿಸಿತು. ಬರದಿರುವುದು ಏನೆಂದು ಖಚಿತವಾಗಿ ತಿಳಿದವನು ಮಾತ್ರ ಅದನ್ನು ಕಲಿಯಲು ಹೊರಡಬಲ್ಲ. ಮುಂದಿನ ಸಲ ಶಾಲೆಯ ವಸ್ತುಪ್ರದರ್ಶನಕ್ಕೆ ಮಾದರಿ ಮಾಡುವಾಗ, ಅದು ನೋಡಲು ಚೆನ್ನಾಗಿದೆಯೇ ಎಂದಷ್ಟೇ ಕೇಳಿಕೊಳ್ಳಬೇಡಿ. ಅದು ಕೆಲಸ ಮಾಡುತ್ತದೆಯೇ, ಮಾಡದಿದ್ದರೆ ಏಕೆ ಮಾಡುವುದಿಲ್ಲ ಎಂದು ಕೇಳಿಕೊಳ್ಳಿ. ಇತಿಹಾಸ ಆ ಎರಡನೆಯ ಪ್ರಶ್ನೆಯಿಂದ ಮುಂದಕ್ಕೆ ಸಾಗಿದೆ.