ಪ್ರಸಂಗ ಒಂದೋ, ಹಲವೋ? ಕುಂಬಳೆ ಸೀಮೆಯ ಯಕ್ಷಗಾನ ಮತ್ತು ಕೋಶಗಳ ಲೆಕ್ಕ

ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಬಳಕೆಯಲ್ಲಿರುವ ರಾಮಾಯಣ ಯಕ್ಷಗಾನ ಒಂದು ಕೃತಿಯೇ, ಹಲವು ಕೃತಿಗಳೇ ಎಂಬುದಕ್ಕೆ ಪಟ್ಟಿ ಮಾಡುವವರು ಇಂದಿಗೂ ಒಂದೇ ಉತ್ತರ ಕೊಡುವುದಿಲ್ಲ. ದಶರಥನ ಯಾಗದಿಂದ ಹಿಡಿದು ಕುಶಲವರ ಕಾಳಗದ ತನಕ ಕಥೆ ಒಂದೇ ಎಳೆಯಲ್ಲಿ ಸಾಗುತ್ತದೆ. ಆದರೆ ಚೆಂಗಳ ಪಂಚಾಯತಿನ ನೆಕ್ರಾಜೆಯಲ್ಲಾಗಲಿ ನೆರೆಯ ಎಡನೀರಿನಲ್ಲಾಗಲಿ 'ಇಂದು ರಾತ್ರಿ ರಾಮಾಯಣ ಆಟ' ಎಂದಷ್ಟೇ ಹೇಳಿದರೆ ಸಾಲದು, 'ಯಾವ ಪ್ರಸಂಗ?' ಎಂಬ ಮರುಪ್ರಶ್ನೆ ಕೂಡಲೇ ಬರುತ್ತದೆ. ಪುತ್ರಕಾಮೇಷ್ಟಿ, ಸೀತಾ ಸ್ವಯಂವರ, ಪಟ್ಟಾಭಿಷೇಕ, ಪಂಚವಟಿ, ವಾಲಿಸುಗ್ರೀವರ ಕಾಳಗ, ಉಂಗುರ ಸಂಧಿ, ಸೇತುಬಂಧನ, ಅಂಗದ ಸಂಧಾನ, ಕುಂಭಕರ್ಣ ಕಾಳಗ: ಇವುಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಹೆಸರಿದೆ, ಅದರದೇ ವೇಷಗಳಿವೆ, ಅದನ್ನೇ ಕೇಳಿ ಬರುವ ಪ್ರೇಕ್ಷಕರಿದ್ದಾರೆ. ಕಥೆಗೆ ಬಾಲ ಬೆಳೆದಾಗ ಆ ಬಾಲಕ್ಕೂ ಕೋಶದಲ್ಲಿ ಬೇರೆ ನಮೂದು ಬೇಕೇ ಎಂದು ಇಂದು ಅಂತರ್ಜಾಲದ ವಿಶ್ವಕೋಶಗಳಲ್ಲಿ ನಡೆಯುವ ಚರ್ಚೆ ಈ ಸೀಮೆಗೆ ಹಳತು.

ವಿಂಗಡಣೆಯ ಮೂಲ ರಂಗದ ಅಗತ್ಯದಲ್ಲಿದೆ. ಬಯಲಾಟ ಎಂದರೆ ರಾತ್ರಿ ಚೌಕಿಪೂಜೆಯ ಬಳಿಕ ಸುರುವಾಗಿ ಬೆಳಗಿನ ಮಂಗಳದವರೆಗಿನ ಹೊತ್ತು. ಅಷ್ಟು ಹೊತ್ತನ್ನು ತುಂಬುವ ಕಥೆ ಒಂದು ಪ್ರಸಂಗ. ಕವಿ ಬರೆಯುತ್ತಿದ್ದದ್ದು ಹಾಡುಗಳನ್ನು ಮಾತ್ರ. ಮಾತು, ಅಂದರೆ ಅರ್ಥ, ವೇಷಧಾರಿಯ ನಾಲಗೆಯಲ್ಲಿ ಆಗಲೇ ಹುಟ್ಟುವಂಥದ್ದು. ಹೀಗಾಗಿ ನೂರಿನ್ನೂರು ಪದ್ಯಗಳ ತೆಳ್ಳನೆಯ ಪುಸ್ತಕವೂ ಒಂದು ರಾತ್ರಿಯನ್ನು ಹೊರಬಲ್ಲುದು. ಸಾಮಾನ್ಯ ಕ್ರಮದಂತೆ ಪ್ರಸಂಗದ ಮೊದಲಿಗೆ ದೇವತಾಸ್ತುತಿ, ಕೊನೆಗೆ ಮಂಗಳಪದ್ಯ. ಎರಡೂ ಇದ್ದರೆ ಅದು ತನ್ನ ಕಾಲ ಮೇಲೆ ನಿಂತ ಪ್ರಸಂಗ ಎಂದು ಹಾಡುವ ಭಾಗವತರು ಲೆಕ್ಕ ಹಿಡಿಯಬಹುದಿತ್ತು. ನಡುವೆ ಸೇರಿಸಿದ ನಾಲ್ಕು ಪದ್ಯಗಳಿಗೆ ಆ ಯೋಗ್ಯತೆ ಇರಲಿಲ್ಲ. ಅವು ಭಾಗವತರ ಕೈಬರಹದ ಪುಸ್ತಕದಲ್ಲಿ ಅಂಚಿಗೋ ಅಂಟಿಸಿದ ಚೀಟಿಗೋ ಸೇರಿ ಅಲ್ಲೇ ಉಳಿಯುತ್ತಿದ್ದವು.

ಇದೇ ಪ್ರಶ್ನೆ ತೆಂಕಣ ಕೇರಳದಲ್ಲಿ ಬೇರೆ ಬಗೆಯಲ್ಲಿ ಇತ್ಯರ್ಥವಾಯಿತು. ಕೊಟ್ಟಾರಕ್ಕರ ತಂಬುರಾನ್ ರಚಿಸಿದ ರಾಮನಾಟ್ಟಂ ಎಂಟು ಭಾಗಗಳ ರಾಮಾಯಣ. ಪುತ್ರಕಾಮೇಷ್ಟಿ, ಸೀತಾಸ್ವಯಂವರಂ, ವಿಚ್ಛಿನ್ನಾಭಿಷೇಕಂ, ಖರವಧಂ, ಬಾಲಿವಧಂ, ತೋರಣಯುದ್ಧಂ, ಸೇತುಬಂಧನಂ, ಯುದ್ಧಂ ಎಂದು ಅದರ ವಿಭಾಗ. ಕಥಕಳಿಯ ಬೇರು ಇರುವುದು ಇಲ್ಲಿ. ಈ ಎಂಟೂ ಎಂಟು ಆಟ್ಟಕಥೆಗಳಾಗಿಯೇ, ಅಂದರೆ ಕಥಕಳಿಯ ಪ್ರಸಂಗಗಳಾಗಿಯೇ, ಎಣಿಕೆಗೆ ಬರುತ್ತವೆ. ಉಣ್ಣಾಯಿ ವಾರಿಯರ್ ಬರೆದ ನಳಚರಿತಂ ಕೂಡ ನಾಲ್ಕು ರಾತ್ರಿಗಳ ಆಟವೇ. ಆದರೂ ಅದನ್ನು ಒಂದೇ ಕೃತಿಯೆಂದು ಹಿಡಿದು ಒಂದನೆಯ ದಿವಸ, ಎರಡನೆಯ ದಿವಸ ಎಂದು ಗುರುತಿಸುತ್ತಾರೆ. ಎರಡಕ್ಕೂ ಇರುವ ವ್ಯತ್ಯಾಸ ರಾತ್ರಿಗಳ ಸಂಖ್ಯೆಯದ್ದಲ್ಲ, ಹೆಸರಿನದ್ದು. ಭಾಗಕ್ಕೆ ಕವಿಯೇ ಹೆಸರಿಟ್ಟರೆ ಅದಕ್ಕೆ ನಮೂದು ಸಿಕ್ಕಿತು, ದಿನದ ಅಂಕೆಯನ್ನಷ್ಟೇ ಕೊಟ್ಟರೆ ಅದು ಮೂಲದ ಒಳಗೇ ಉಳಿಯಿತು. ಸುಬ್ಬನ ರಾಮಾಯಣಕ್ಕೂ ರಾಮನಾಟ್ಟಕ್ಕೂ ಇರುವ ಹೋಲಿಕೆಯನ್ನು ವಿದ್ವಾಂಸರು ಬಹಳ ಹಿಂದೆಯೇ ಗಮನಿಸಿದ್ದಾರೆ. ಹೆಸರುಗಳ ಸಾಲನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು, ವಿಂಗಡಣೆಯ ಈ ಪದ್ಧತಿ ಚಂದ್ರಗಿರಿ ಹೊಳೆಯ ಎರಡೂ ಬದಿಗೆ ಗೊತ್ತಿದ್ದದ್ದು ಎಂಬುದು ಕಾಣುತ್ತದೆ.

ಹೆಸರಿನ ಬಲ ಒಡೆಯುವ ಕಡೆಗೂ ಕೆಲಸ ಮಾಡಿತು. ತಾಳಮದ್ದಳೆಯಲ್ಲಿ ವೇಷ, ಕುಣಿತ ಇಲ್ಲ, ಮಾತಿನದೇ ಮೇಲುಗೈ. ಅಲ್ಲಿ ಒಂದು ಪ್ರಸಂಗದ ಒಂದು ಸಂದರ್ಭವೇ ನಾಲ್ಕೈದು ಗಂಟೆ ಹಿಡಿಯುತ್ತದೆ. ಪಟ್ಟಾಭಿಷೇಕದಲ್ಲಿ ರಾಮ ಕಾಡಿಗೆ ಹೋದ ಮೇಲೆ ಭರತ ಬರುವ ಭಾಗ 'ಭರತಾಗಮನ' ಎಂಬ ಹೆಸರು ಪಡೆದು ಈಗ ಸ್ವತಂತ್ರ ತಾಳಮದ್ದಳೆ. ವಾಲಿಸುಗ್ರೀವರ ಕಾಳಗದಲ್ಲಿ ಬಾಣ ತಿಂದು ಬಿದ್ದ ವಾಲಿಯೂ ರಾಮನೂ ಆಡುವ ವಾದಕ್ಕೇ ಜನ ಸೇರುತ್ತಾರೆ, ಆಹ್ವಾನಪತ್ರದಲ್ಲಿ ಅದು 'ವಾಲಿಮೋಕ್ಷ'. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳ ಕಾಲದಲ್ಲಿ ಇಂಥ ತುಣುಕುಗಳು ಮೂಲ ಪ್ರಸಂಗಕ್ಕಿಂತ ಹೆಚ್ಚು ಹೆಸರಾದವು. ಪದ್ಯ ಮಾತ್ರ ಹಳೆಯದೇ. ಕೃತಿಗಳ ಪಟ್ಟಿ ಮಾಡುವವನಿಗೆ ಭರತಾಗಮನ ಬೇರೆ ಕೃತಿಯಲ್ಲ, ರಂಗದ ಚರಿತ್ರೆ ಬರೆಯುವವನಿಗೆ ಅದನ್ನು ಬಿಡಲಾಗುವುದಿಲ್ಲ. ಮೇಳದವರು ಇದರ ತದ್ವಿರುದ್ಧವನ್ನೂ ಮಾಡಿದರು. ಎರಡು ಮೂರು ಪ್ರಸಂಗಗಳನ್ನು ಕತ್ತರಿಸಿ ಕೂಡಿಸಿ, ಕರಪತ್ರದಲ್ಲಿ 'ಪಂಚವಟಿ – ವಾಲಿವಧೆ – ಉಂಗುರ ಸಂಧಿ' ಎಂದು ಅಡ್ಡಗೆರೆ ಹಾಕಿ, ಒಂದೇ ರಾತ್ರಿಯಲ್ಲಿ ಆಡಿ ಮುಗಿಸಿದರು. ಆ ಅಡ್ಡಗೆರೆಯ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಬೆಸುಗೆ ಎಲ್ಲಿದೆ ಎಂದು ಅದು ಮುಚ್ಚಿಡುವುದಿಲ್ಲ.

ಅಚ್ಚಿನ ಮನೆ ಬಂದ ಮೇಲೆ ಈ ಸಡಿಲತೆಗೆ ಕಡಿವಾಣ ಬಿತ್ತು. ಓಲೆಗರಿಯಲ್ಲಿ ಒಂದು ಕಟ್ಟಿನಲ್ಲಿ ಎಷ್ಟು ಪ್ರಸಂಗವಾದರೂ ಇರಬಹುದು. ಅಚ್ಚಿನ ಪುಸ್ತಕಕ್ಕೆ ಮುಖಪುಟ ಬೇಕು, ಮುಖಪುಟಕ್ಕೆ ಒಂದು ಹೆಸರು ಬೇಕು, ಹೆಸರಿಗೆ ಒಂದು ಬೆಲೆ. ಬಾಯಾರಿನ ಸಂಕಯ್ಯ ಭಾಗವತರು ಸುಬ್ಬನ ಪಂಚವಟಿಯನ್ನು ತುಳುವಿಗೆ ತಂದದ್ದು 1887ರಲ್ಲಿ ಅಚ್ಚಾಯಿತು. ಇದು ಅನುವಾದವೇ ಆದರೂ ತುಳು ಯಕ್ಷಗಾನದ ಚರಿತ್ರೆ ಬರೆಯುವವರು ಇದನ್ನು ಸ್ವತಂತ್ರ ಕೃತಿಯಂತೆಯೇ ಕಾಣುತ್ತಾರೆ. ಕಾರಣ ಸರಳ: ಭಾಷೆ ಬೇರೆ, ಕರ್ತೃ ಬೇರೆ, ಅದು ತೆರೆದ ದಾರಿಯೂ ಬೇರೆ. ಮುಂದೆ ಉಡುಪಿಯ ಪಾವಂಜೆ ಗುರುರಾವ್ ಅವರಂಥ ಪ್ರಕಾಶಕರು ಪ್ರಸಂಗಗಳನ್ನು ಬಿಡಿ ಪುಸ್ತಕಗಳಾಗಿ ತಂದು ಜಾತ್ರೆ, ಅಂಗಡಿಗಳಿಗೆ ಮುಟ್ಟಿಸಿದರು. ಒಂದು ಪ್ರಸಂಗಕ್ಕೆ ಒಂದು ಪುಸ್ತಕ ಎಂಬ ಭಾವನೆ ಜನರಲ್ಲಿ ನೆಲೆಯೂರಿದ್ದಕ್ಕೆ ಈ ಅಗ್ಗದ ಪುಸ್ತಕಗಳ ಪಾಲು ದೊಡ್ಡದು.

ವಿದ್ವಾಂಸರ ಕೋಶಗಳು ಹಿಡಿದ ದಾರಿ ಬೇರೆ. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೂರು ಸಂಪುಟಗಳು (1907, 1919, 1929) ಕೃತಿಯ ಹೆಸರಿನಲ್ಲಿ ನಡೆಯುವುದಿಲ್ಲ, ಕವಿಯ ಹೆಸರಿನಲ್ಲಿ ನಡೆಯುತ್ತವೆ. ಈ ಕ್ರಮದಲ್ಲಿ ವಿಸ್ತರಣೆಗೆ ಬೇರೆ ನಮೂದು ಬೇಕೇ ಎಂಬ ತಕರಾರು ಅರ್ಧಕ್ಕರ್ಧ ತಾನಾಗಿ ಕರಗುತ್ತದೆ. ಕುಮಾರವ್ಯಾಸ ಹತ್ತು ಪರ್ವಗಳಿಗೆ ಭಾರತವನ್ನು ನಿಲ್ಲಿಸಿದ, ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿ ಬರೆದು ಪೂರೈಸಿದ. ಅದೇ ಭಾಮಿನಿ ಷಟ್ಪದಿ, ಅದೇ ಕಥೆಯ ಮುಂದುವರಿಕೆ. ಆದರೂ 'ಕೃಷ್ಣರಾಯಭಾರತ'ಕ್ಕೆ ತನ್ನ ಸ್ಥಾನ ಇದೆ, ಏಕೆಂದರೆ ಬರೆದ ಕೈ ಬೇರೆ. ಸಂಸ್ಕೃತದವರು ಇನ್ನೂ ಹಿಂದೆಯೇ ಇಂಥ ಸೇರ್ಪಡೆಗೆ ಖಿಲ ಎಂಬ ಹೆಸರು ಕೊಟ್ಟಿದ್ದರು. ಹರಿವಂಶ ಮಹಾಭಾರತದ ಖಿಲ, ಆದರೆ ಅದನ್ನು ಬಿಡಿಯಾಗಿಯೇ ಓದುತ್ತಾರೆ, ಬಿಡಿಯಾಗಿಯೇ ಸಂಪಾದಿಸುತ್ತಾರೆ.

ಕವಿಯ ಹೆಸರಿನ ಕ್ರಮಕ್ಕೂ ಒಂದು ತೊಡಕಿದೆ. ಕವಿ ಯಾರೆಂಬುದೇ ವಿವಾದವಾದರೆ ನಮೂದು ಯಾವ ಹೆಸರಿನ ಕೆಳಗೆ ಬರಬೇಕು? ಪಾರ್ತಿಸುಬ್ಬನ ವಿಷಯದಲ್ಲಿ ಆದದ್ದು ಇದೇ. ಶಿವರಾಮ ಕಾರಂತರು 'ಯಕ್ಷಗಾನ ಬಯಲಾಟ' (1957) ಬರೆದ ಕಾಲದಲ್ಲಿ ಈ ರಾಮಾಯಣ ಪ್ರಸಂಗಗಳ ಕರ್ತೃತ್ವದ ಚರ್ಚೆ ಬಿಸಿಯೇರಿತ್ತು. ಅವು ಕುಂಬಳೆಯ ಸುಬ್ಬನವಲ್ಲ ಎಂಬುದು ಕಾರಂತರ ವಾದ. ಮುಳಿಯ ತಿಮ್ಮಪ್ಪಯ್ಯ, ಮಂಜೇಶ್ವರದ ಗೋವಿಂದ ಪೈ, ಕುಕ್ಕಿಲ ಕೃಷ್ಣ ಭಟ್ಟರು ಸುಬ್ಬನ ಪರ ನಿಂತರು. ಪದ್ಯಗಳಲ್ಲಿ ಬರುವ ಕಣ್ವಪುರದ ಕೃಷ್ಣನ ಅಂಕಿತ, ಅಂದರೆ ಕುಂಬಳೆಯ ಗೋಪಾಲಕೃಷ್ಣನ ಸ್ಮರಣೆ, ಈ ಪಕ್ಷದ ದೊಡ್ಡ ಆಧಾರ. ಕುಕ್ಕಿಲರು 1975ರಲ್ಲಿ 'ಪಾರ್ತಿಸುಬ್ಬನ ಯಕ್ಷಗಾನಗಳು' ಎಂದು ಎಲ್ಲವನ್ನೂ ಒಂದೇ ಸಂಪುಟದಲ್ಲಿ ತಂದಾಗ ವಾದಕ್ಕೆ ಪುಸ್ತಕದ ರೂಪ ಬಂತು. ಬಿಡಿ ಪ್ರಸಂಗಗಳಾಗಿ ಹರಡಿದ್ದ ರಾಮಾಯಣ ಹೀಗೆ ಮತ್ತೆ ಒಬ್ಬ ಕವಿಯ ಕೃತಿಸಮೂಹವಾಯಿತು. ಸಂಪಾದಕನ ಹೊಲಿಗೆಯೂ ಒಂದು ಬಗೆಯ ತೀರ್ಪೇ.

ವಿಸ್ತರಣೆ ತನ್ನ ಪರಮಾವಧಿ ಮುಟ್ಟಿದ್ದು ದೇವಿಮಹಾತ್ಮೆ ಪ್ರಸಂಗದಲ್ಲಿ. ಮಾರ್ಕಂಡೇಯ ಪುರಾಣದ 13 ಅಧ್ಯಾಯಗಳ ಸಪ್ತಶತಿ ಇದರ ಆಕರ. ಅದೇ ಸ್ವತಃ ದೊಡ್ಡ ಪುರಾಣದ ಒಂದು ಭಾಗ, ಆದರೆ ಯಾರೂ ಅದನ್ನು ಭಾಗವೆಂದು ಓದುವುದಿಲ್ಲ. ಕಟೀಲು ಮೇಳಗಳ ಹರಕೆಯಾಟದಲ್ಲಿ ಹೆಚ್ಚು ಬೇಡಿಕೆ ಇರುವುದೂ ಈ ಪ್ರಸಂಗಕ್ಕೆ. ಇಡೀ ರಾತ್ರಿಯ ಆಟದಲ್ಲಿ ಮಧುಕೈಟಭರು ಮುಗಿಯುವಾಗ ಹೊತ್ತು ಏರಿರುತ್ತದೆ. ನಡುರಾತ್ರಿಯ ಸುಮಾರಿಗೆ ಚೆಂಡೆಯ ಪೆಟ್ಟು ಬದಲಾಗಿ, ರಂಗಸ್ಥಳದ ಎದುರು ಕೂತ ಜನರ ಹಿಂದಿನಿಂದ ದೊಂದಿಯ ಬೆಳಕು ಕಾಣುತ್ತದೆ. ರಾಳದ ಪುಡಿ ಬಿದ್ದು ಬೆಂಕಿ ಭುಗಿಲೆನ್ನುವಾಗ ಕೊಂಬು ಹೊತ್ತ ಮಹಿಷಾಸುರ ಕೂಗುತ್ತಾ ಸಭೆಯ ನಡುವಿನಿಂದಲೇ ಬರುತ್ತಾನೆ. ನಿದ್ದೆಗಣ್ಣಿನ ಮಕ್ಕಳು ತಾಯಿಯ ಸೆರಗಿಗೆ ಅಂಟುತ್ತಾರೆ. ಆಮೇಲೆ ಉಯ್ಯಾಲೆಯಲ್ಲಿ ಕೂತ ದೇವಿ, ಚಂಡಮುಂಡರು, ರಕ್ತಬೀಜ, ಬೆಳಗಾಗುವ ಹೊತ್ತಿಗೆ ಶುಂಭನಿಶುಂಭರು. ಇಷ್ಟನ್ನು ಒಂದು ರಾತ್ರಿಯಲ್ಲಿ ಮುಗಿಸಬೇಕಾದರೆ ಭಾಗವತ ಪದ್ಯ ಬಿಡದೆ ವಿಧಿಯಿಲ್ಲ.

ಕಾಸರಗೋಡಿನ ಪಡ್ರೆಯವರಾದ ಬಲಿಪ ನಾರಾಯಣ ಭಾಗವತರು (1938–2023) ಇದನ್ನು ಐದು ದಿನಗಳ ಆಟವಾಗಿ ಬರೆದರು. ಅದೇ ದೇವಿ, ಅದೇ ಅಸುರರು, ಆದರೆ ಪದ್ಯ ಹೊಸದು, ಅವಕಾಶ ಐದು ಪಟ್ಟು. ಇದು ಹಳೆಯ ದೇವಿಮಹಾತ್ಮೆಯ ಹಿಗ್ಗಿಸಿದ ಪ್ರತಿಯೇ, ಹೊಸ ಕೃತಿಯೇ? ಮೇಲೆ ಕಂಡ ಎಲ್ಲ ಒರೆಗಲ್ಲುಗಳಿಗೂ ಇದು ನಿಲ್ಲುತ್ತದೆ. ಬರೆದವರು ಗೊತ್ತು, ಪಠ್ಯ ಸ್ವತಂತ್ರ, ಬಲಿಪರ ಬಗ್ಗೆ ಬರೆದವರು ಇದನ್ನು ಅವರ ಮುಖ್ಯ ಸಾಧನೆಯೆಂದು ಹೆಸರಿಸದೆ ಬಿಡುವುದಿಲ್ಲ. ಬೇರೆ ನಮೂದಿಗೆ ಇದಕ್ಕಿಂತ ಒಳ್ಳೆಯ ಹಕ್ಕುದಾರ ಸಿಗುವುದು ಕಷ್ಟ.

ಬೇರೆ ನಮೂದಿನ ಪ್ರಶ್ನೆ ಕೃತಿಗಳಿಗೆ ಮಾತ್ರವಲ್ಲ, ವ್ಯಕ್ತಿಗಳಿಗೂ ಬರುತ್ತದೆ. ಎಡನೀರು ಮಠದ ಹೆಸರು ಕಾನೂನಿನ ಪುಸ್ತಕಗಳಲ್ಲಿ 1973ರ ಕೇಶವಾನಂದ ಭಾರತಿ ಪ್ರಕರಣದಿಂದ ಪ್ರಸಿದ್ಧ. ಆ ಪ್ರಕರಣಕ್ಕೆ ಹೆಸರು ಕೊಟ್ಟ, 2020ರಲ್ಲಿ ತೀರಿಕೊಂಡ ಮಠದ ಸ್ವಾಮಿಗಳು ಸ್ವತಃ ಭಾಗವತಿಕೆ ಮಾಡುತ್ತಿದ್ದವರು, ಮಠ ಆಟಕೂಟಗಳಿಗೆ ಆಶ್ರಯವಾಗಿತ್ತು ಎಂಬುದು ನೆಕ್ರಾಜೆಯ ಸುತ್ತಿನವರಿಗೆ ಗೊತ್ತಿದ್ದಷ್ಟು ಕಾನೂನು ಓದಿದವರಿಗೆ ಗೊತ್ತಿಲ್ಲ. ಕೋಶಗಳಲ್ಲಿ ಪ್ರಕರಣಕ್ಕೆ ಒಂದು ನಮೂದು, ವ್ಯಕ್ತಿಗೆ ಇನ್ನೊಂದು. ಮೊಕದ್ದಮೆಯ ಹೆಸರೇ ವ್ಯಕ್ತಿಯ ಹೆಸರಾದರೂ ಎರಡನ್ನು ಕೂಡಿಸಿದರೆ ಭಾಗವತಿಕೆ ಅಡಿಟಿಪ್ಪಣಿಗೆ ಇಳಿಯುತ್ತಿತ್ತು.

ಇನ್ನು ಅಂತರ್ಜಾಲದ ವಿಶ್ವಕೋಶಗಳಲ್ಲಿ ಇದೇ ಪ್ರಶ್ನೆ ಎಬ್ಬಿಸುವ ವಿಡಿಯೋ ಗೇಮಿನ ಕಡೆಗೆ. ಅಲ್ಲಿ ವಿಸ್ತರಣೆ ಎಂದರೆ ಮೂಲ ಆಟ ಕೊಂಡವರು ಮತ್ತೆ ಹಣ ಕೊಟ್ಟು ಸೇರಿಸಿಕೊಳ್ಳುವ ಹೊಸ ಭಾಗ. 1999ರ 'ಏಜ್ ಆಫ್ ಎಂಪೈರ್ಸ್ 2'ಕ್ಕೆ ಮರುವರ್ಷ ಬಂದ 'ದ ಕಾಂಕರರ್ಸ್' ಐದು ಹೊಸ ನಾಗರಿಕತೆಗಳನ್ನು ಕೂಡಿಸಿತು. 2022ರಲ್ಲಿ ಬಂದ 'ಡೈನಾಸ್ಟೀಸ್ ಆಫ್ ಇಂಡಿಯಾ' ದ್ರಾವಿಡರು, ಬಂಗಾಳಿಗಳು, ಗುರ್ಜರರನ್ನು ತಂದಿತು. ಮೂಲ ಆಟವಿಲ್ಲದೆ ಇವನ್ನು ಆಡಲಾಗುವುದಿಲ್ಲ, ಆ ಮಟ್ಟಿಗೆ ಇವು ಅಂಚಿಗೆ ಅಂಟಿಸಿದ ಚೀಟಿಯ ಜಾತಿ. 2001ರಲ್ಲಿ ಹುಟ್ಟಿದ ಇಂಗ್ಲಿಷ್ ವಿಕಿಪೀಡಿಯ ಕ್ರಮೇಣ ಒಂದು ನಿಯಮಕ್ಕೆ ಬಂದು ನಿಂತಿತು: ವಿಸ್ತರಣೆಯ ಬಗ್ಗೆ ಹೊರಗಿನ ನಂಬಲರ್ಹ ಬರಹಗಳು ಸಾಕಷ್ಟು ಇದ್ದರೆ ಬೇರೆ ಲೇಖನ, ಇಲ್ಲದಿದ್ದರೆ ಮೂಲ ಆಟದ ಲೇಖನದೊಳಗೆ ಒಂದು ವಿಭಾಗ. 'ದ ವಿಚರ್ 3'ರ ವಿಸ್ತರಣೆಯಾದ 'ಬ್ಲಡ್ ಆ್ಯಂಡ್ ವೈನ್' 2016ರ ಗೇಮ್ ಅವಾರ್ಡ್ಸ್‌ನಲ್ಲಿ ಪಾತ್ರಾಭಿನಯದ ಆಟಗಳ ವರ್ಗದ ಪ್ರಶಸ್ತಿಯನ್ನೇ ಗೆದ್ದಿತು. 2024ರಲ್ಲಿ 'ಎಲ್ಡನ್ ರಿಂಗ್'ನ ವಿಸ್ತರಣೆ ವರ್ಷದ ಆಟದ ಸ್ಪರ್ಧೆಗೇ ನಾಮನಿರ್ದೇಶನ ಪಡೆದಾಗ, ಬಾಲವನ್ನು ದೇಹದ ಜತೆ ತೂಗಬಹುದೇ ಎಂದು ಜಗಳವೂ ಆಯಿತು. ಈ ಎರಡಕ್ಕೂ ಬೇರೆ ಲೇಖನವಿದೆ. ಹೊಸ ಉಡುಗೆ, ಎರಡು ಹೊಸ ಆಯುಧ ಮಾರುವ ಸಣ್ಣಪುಟ್ಟ ಕಂತುಗಳಿಗೆ ಇಲ್ಲ, ಇರಬೇಕಾಗಿಯೂ ಇಲ್ಲ.

ಒಂದೇ ಆಟಕ್ಕೆ ಅಭಿಮಾನಿಗಳು ಕಟ್ಟಿಕೊಂಡ ವಿಕಿಗಳಲ್ಲಿ ಈ ಕಟ್ಟುನಿಟ್ಟು ಇಲ್ಲ. ಅಲ್ಲಿ ಪ್ರತಿ ವಿಸ್ತರಣೆಗೂ ಪುಟ, ಅದರ ಒಂದೊಂದು ನಾಗರಿಕತೆಗೂ ಪುಟ. ಓದುಗ ಅಲ್ಲಿಗೆ ಬರುವುದೇ ಆ ವಿವರಕ್ಕಾಗಿ. ಕೋಶದ ಹರವು ಕಿರಿದಾದಷ್ಟೂ ನಮೂದು ಚಿಕ್ಕದಾಗಬಹುದು ಎಂಬ ಈ ತತ್ವ ಕನ್ನಡಕ್ಕೂ ಸರಿಹೊಂದುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 1969ರಿಂದ 2004ರವರೆಗೆ 14 ಸಂಪುಟಗಳಲ್ಲಿ ಜಗತ್ತನ್ನೆಲ್ಲ ಹಿಡಿಯಹೊರಟದ್ದು. ಅಂಥ ಕೋಶದಲ್ಲಿ ಒಬ್ಬ ಪ್ರಸಂಗಕರ್ತನಿಗೆ ಒಂದು ನಮೂದು ಸಿಗುವುದೇ ಹೆಚ್ಚು, ಅಂಗದ ಸಂಧಾನಕ್ಕೆ ಬೇರೆ ಜಾಗ ಕೇಳುವುದು ನ್ಯಾಯವಲ್ಲ. 'ನೋಡಿ' ಎಂಬ ಒಂದು ಮಾತಿನಿಂದ ಓದುಗನನ್ನು ದೊಡ್ಡ ಲೇಖನಕ್ಕೆ ದಾಟಿಸುವ ಹಳೆಯ ಉಪಾಯ ಸಾಕು. ವಿಕಿಯ ಪುನರ್ನಿರ್ದೇಶನ ಮಾಡುವುದೂ ಅದನ್ನೇ. ಯಕ್ಷಗಾನದ್ದೇ ಆದ ಕೋಶಕ್ಕಾದರೆ ಅಂಗದ ಸಂಧಾನವೂ ಭರತಾಗಮನವೂ ಪ್ರತ್ಯೇಕ ನಮೂದುಗಳಾಗದಿದ್ದರೆ ಅದು ಕೆಲಸಕ್ಕೆ ಬಾರದು.

2003ರಲ್ಲಿ ಮೊದಲಾದ ಕನ್ನಡ ವಿಕಿಪೀಡಿಯ ಈ ಎರಡರ ನಡುವೆ ಸಿಕ್ಕಿಕೊಂಡಿದೆ. ಅದಕ್ಕೆ ಕಾಗದದ ಮಿತಿಯಿಲ್ಲ, ಬರೆಯುವ ಕೈಗಳ ಮಿತಿ ಇದೆ. ಪ್ರಸಂಗವೊಂದಕ್ಕೆ ಒಂದರಂತೆ ಪುಟ ತೆರೆದರೆ ಎರಡು ಸಾಲಿನ ಚುಟುಕು ಲೇಖನಗಳು ರಾಶಿ ಬೀಳುತ್ತವೆ; ಎಲ್ಲವನ್ನೂ ಪಾರ್ತಿಸುಬ್ಬನ ಪುಟಕ್ಕೆ ತುರುಕಿದರೆ ಕರ್ತೃತ್ವದ ವಿವಾದದ ಕೆಳಗೆ ಪಂಚವಟಿಯ ರಂಗಚರಿತ್ರೆ ಹೂತುಹೋಗುತ್ತದೆ. 2016ರಲ್ಲಿ ಸ್ವತಂತ್ರವಾದ ತುಳು ವಿಕಿಪೀಡಿಯಕ್ಕೆ ಆಯ್ಕೆ ಇನ್ನೂ ಬೇರೆ. ಅಲ್ಲಿ ಸಂಕಯ್ಯ ಭಾಗವತರ ಪಂಚವಟಿಗೆ ಸಿಗಬೇಕಾದ ಪುಟ ಸುಬ್ಬನ ಪಂಚವಟಿಗಿಂತ ಮೊದಲಿನದು. ಈ ನಡುವೆ ಯಕ್ಷವಾಹಿನಿಯಂಥ ಸಂಸ್ಥೆ ಹಳೆಯ ಪ್ರಸಂಗ ಪ್ರತಿಗಳನ್ನು ಕಲೆಹಾಕಿ ಅಂತರ್ಜಾಲಕ್ಕೆ ಏರಿಸುತ್ತಿದೆ. ಪಟ್ಟಿ ಮಾಡುವವರ ಮುಂದೆ ಈಗ ಒಂದೇ ಹೆಸರಿನ ಪ್ರಸಂಗಗಳು ಹಲವು, ಒಂದೇ ಪ್ರಸಂಗಕ್ಕೆ ಹೆಸರುಗಳೂ ಹಲವು. ಕರ್ತೃವಿನ ಹೆಸರನ್ನು ಶೀರ್ಷಿಕೆಗೆ ಜೋಡಿಸಿ ಬೇರ್ಪಡಿಸುವುದು, ರಂಗದಲ್ಲಿ ಹುಟ್ಟಿದ ಹೆಸರುಗಳನ್ನು ಮೂಲ ಪ್ರಸಂಗಕ್ಕೆ ಪುನರ್ನಿರ್ದೇಶಿಸುವುದು, ಹೊಸ ಪಠ್ಯವಿರುವ ಬಲಿಪರ ಐದು ದಿನದ ದೇವಿಮಹಾತ್ಮೆಯಂಥದ್ದಕ್ಕೆ ಮಾತ್ರ ಸ್ವತಂತ್ರ ಪುಟ ಕೊಡುವುದು: ಇರುವ ಕೈಗಳಿಂದ ಆಗಬಹುದಾದ ಕೆಲಸ ಇಷ್ಟು.