ವಸಂತ ವಿಷುವ ಮತ್ತು ಪುಣೆಯ ಪಂಚಾಂಗ ವಿವಾದ

ಹಗಲಿರುಳುಗಳು ಸಮನಾಗುವ ವಸಂತ ವಿಷುವವು ಮಾರ್ಚ್ 20 ಅಥವಾ 21ರಂದು ಸಂಭವಿಸುತ್ತದೆ. ಪುಣೆ ನಗರದಲ್ಲಿ ಈ ದಿನವನ್ನು ಹಬ್ಬವಾಗಿ ಆಚರಿಸುವವರು ಮುಖ್ಯವಾಗಿ ಪಾರಸಿ ಮತ್ತು ಇರಾನಿ ಮನೆತನಗಳವರು. ಅದು ಅವರ ಜಮ್ಶೇದಿ ನವರೋಜ್. ಮರಾಠಿಗರ ಗುಡಿಪಾಡ್ವ, ಕನ್ನಡಿಗರ ಯುಗಾದಿ ಎರಡೂ ಚಾಂದ್ರಮಾನದವಾದ್ದರಿಂದ ವಿಷುವದೊಡನೆ ಅವುಗಳ ಸಂಬಂಧ ಸಡಿಲವಾದುದು. ಆದರೆ ‘ವಿಷುವತ್’ ಎಂಬ ಹೆಸರನ್ನೇ ಉಳಿಸಿಕೊಂಡಿರುವ ಕಾಸರಗೋಡು ಹಾಗೂ ತುಳುನಾಡಿನ ವಿಷು (ಬಿಸು) ಹಬ್ಬವು ಏಪ್ರಿಲ್ ಮಧ್ಯಭಾಗದಲ್ಲಿ, ಅಂದರೆ ನಿಜವಾದ ವಿಷುವ ಕಳೆದು ಮೂರು ವಾರಗಳ ಮೇಲೆ ಬರುವುದು ವಿಚಾರಾರ್ಹ.

ಇದಕ್ಕೆ ಕಾರಣ ಅಯನಚಲನೆ. ಸೂರ್ಯಸಿದ್ಧಾಂತದ ವರ್ಷವು ಋತುಚಕ್ರದ ವರ್ಷಕ್ಕಿಂತ ಸುಮಾರು 24 ನಿಮಿಷಗಳಷ್ಟು ದೀರ್ಘವಾದುದರಿಂದ ಮೇಷ ಸಂಕ್ರಾಂತಿಯು 60 ವರ್ಷಗಳಿಗೆ ಒಂದು ದಿನದಂತೆ ವಿಷುವದಿಂದ ದೂರ ಸರಿಯುತ್ತ ಬಂದಿದೆ. ಯೂರೋಪು ಇಂಥದೇ ಜಾರುವಿಕೆಯನ್ನು 1582ರಲ್ಲಿ ಹತ್ತು ದಿನಗಳನ್ನು ಕೈಬಿಟ್ಟು ಸರಿಪಡಿಸಿಕೊಂಡಿತು. ನಮ್ಮಲ್ಲಿ ಈ ಪ್ರಶ್ನೆ ತೀವ್ರವಾಗಿ ಚರ್ಚಿತವಾದುದು ಹತ್ತೊಂಬತ್ತನೆಯ ಶತಮಾನದ ಪುಣೆಯಲ್ಲಿ.

ಕೇರೋ ಲಕ್ಷ್ಮಣ ಛತ್ರೆಯವರು ರೇವತೀ ನಕ್ಷತ್ರವನ್ನು ರಾಶಿಚಕ್ರದ ಆರಂಭಬಿಂದುವೆಂದು ಹಿಡಿದು, ಆಧುನಿಕ ಗಣಿತದಿಂದ ಶುದ್ಧಗೊಳಿಸಿದ ಪಂಚಾಂಗವನ್ನು 1860ರ ದಶಕದಲ್ಲಿ ಪ್ರಚಾರಕ್ಕೆ ತಂದರು. ಶಂಕರ ಬಾಲಕೃಷ್ಣ ದೀಕ್ಷಿತರು ಇನ್ನೂ ಮುಂದೆ ಹೋಗಿ, ಧರ್ಮಶಾಸ್ತ್ರದ ಕರ್ಮಗಳು ಋತುವನ್ನು ಅನುಸರಿಸತಕ್ಕವು, ಆದ್ದರಿಂದ ವರ್ಷವು ವಿಷುವದಿಂದಲೇ ಎಣಿಸಲ್ಪಡಬೇಕು ಎಂಬ ಸಾಯನ ಪಕ್ಷವನ್ನು ಹಿಡಿದರು. ಇವರದು ತರ್ಕದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಪಕ್ಷ. ಜನರಿಗೆ ಮಾತ್ರ ಅದು ಹಿಡಿಸಲಿಲ್ಲ. ಛತ್ರೆಯವರ ಶಿಷ್ಯರಾದ ಬಾಲಗಂಗಾಧರ ತಿಲಕರು ರೇವತೀ ಪಕ್ಷದವರು. ಇತರರು ದೋಷವೆಂದು ಕಂಡ ಅಯನಚಲನೆಯನ್ನೇ ಅವರು ಗಡಿಯಾರವಾಗಿ ಬಳಸಿ, ವಿಷುವವು ಮೃಗಶಿರೆಯಲ್ಲಿದ್ದ ಕಾಲವನ್ನು ಗಣಿಸಿ ವೇದಗಳ ಪ್ರಾಚೀನತೆಯನ್ನು ‘ಓರಾಯನ್’ (1893) ಗ್ರಂಥದಲ್ಲಿ ವಾದಿಸಿದರು. ಆ ಕಾಲನಿರ್ಣಯವನ್ನು ಇಂದಿನ ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಪುಣೆಯ ವಿದ್ವಾಂಸರ ಈ ವಾದದಲ್ಲಿ ಕನ್ನಡನಾಡಿನಿಂದ ಬಂದ ಉತ್ತರವನ್ನು ಮರೆಯುವಂತಿಲ್ಲ. ನರಗುಂದದಲ್ಲಿ 1854ರಲ್ಲಿ ಜನಿಸಿ ಬಾಗಲಕೋಟೆಯಲ್ಲಿ ಶಿಕ್ಷಕರಾಗಿದ್ದ ವೆಂಕಟೇಶ ಬಾಪೂಜಿ ಕೇತಕರರು ತಮ್ಮ ‘ಕೇತಕೀ ಗ್ರಹಗಣಿತ’ದಲ್ಲಿ, ಮಸುಕಾದ ರೇವತಿಯ ಬದಲು ಉಜ್ಜ್ವಲವಾದ ಚಿತ್ರಾ ನಕ್ಷತ್ರಕ್ಕೆ ನೇರ ಎದುರಾದ ಬಿಂದುವನ್ನು ಆರಂಭವಾಗಿ ಸ್ವೀಕರಿಸಿದರು. ಎರಡು ಪಕ್ಷಗಳ ನಡುವಣ ಅಂತರ ಸುಮಾರು ನಾಲ್ಕು ಅಂಶ, ಅಂದರೆ ಸಂಕ್ರಾಂತಿಯಲ್ಲಿ ನಾಲ್ಕು ದಿನ. ಅಲ್ಪವೆಂದು ತೋರಬಹುದು, ಆದರೆ ಇದರಿಂದ ಕೆಲವು ವರ್ಷ ಅಧಿಕಮಾಸವೇ ಬೇರೆಯಾಗಿ ಹಬ್ಬಗಳು ಒಂದು ತಿಂಗಳು ಹಿಂದುಮುಂದಾಗುತ್ತವೆ. ಸೊಲ್ಲಾಪುರದ ದಾತೆ ಪಂಚಾಂಗವು ಅನುಸರಿಸುವುದು ಚಿತ್ರಾ ಪಕ್ಷವನ್ನು.

1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯಲ್ಲಿ ‘ಕೇಸರಿ’ಯ ಮಾಜಿ ಸಂಪಾದಕ ಜೆ. ಎಸ್. ಕರಂದೀಕರರೂ ಸದಸ್ಯರಾಗಿದ್ದರು. ಸಮಿತಿಯು ಎರಡು ಪಕ್ಷಗಳಿಗೂ ಮನ್ನಣೆಯಿತ್ತಿತು: 1957ರ ಮಾರ್ಚ್ 22ರಂದು ಜಾರಿಗೆ ಬಂದ ರಾಷ್ಟ್ರೀಯ ಶಕ ಪಂಚಾಂಗದ ಚೈತ್ರವು ವಿಷುವದ ಮರುದಿನ ಆರಂಭವಾಗುತ್ತದೆ, ಧಾರ್ಮಿಕ ಗಣನೆಗಾದರೋ ಚಿತ್ರಾ ಪಕ್ಷಕ್ಕೆ ಹೊಂದುವ 23 ಅಂಶ 15 ಕಲೆಯ ಅಯನಾಂಶ ಉಳಿಯಿತು. ದೀಕ್ಷಿತರ ವಾದ ಸರಕಾರಿ ಕಾಗದದಲ್ಲಿ ಗೆದ್ದಿತು, ಕೇತಕರರದು ಮನೆಗಳಲ್ಲಿ.

ಶಾಸನಾಭ್ಯಾಸಿಗಳಿಗೆ ಈ ವಿವಾದ ಕೇವಲ ಕುತೂಹಲದ ವಿಷಯವಲ್ಲ. ಕನ್ನಡ ಶಾಸನಗಳಲ್ಲಿ ‘ವಿಷುವ ಸಂಕ್ರಾಂತಿ’, ‘ಉತ್ತರಾಯಣ ಸಂಕ್ರಮಣ’ಗಳಂದು ದತ್ತಿ ಬಿಟ್ಟ ಉಲ್ಲೇಖಗಳು ಹೇರಳ. ಅವು ಆಕಾಶದ ವಿಷುವ, ಅಯನಗಳಲ್ಲ, ಸಿದ್ಧಾಂತದ ಸಂಕ್ರಾಂತಿಗಳು. ಕಲ್ಯಾಣ ಚಾಲುಕ್ಯರ ಕಾಲಕ್ಕೇ ಇವೆರಡರ ನಡುವೆ ಒಂಬತ್ತು–ಹತ್ತು ದಿನಗಳ ಅಂತರ ಬಿದ್ದಿತ್ತು. 1100ರ ಸುಮಾರಿಗೆ, ಜೂಲಿಯನ್ ಗಣನೆಯಂತೆ, ವಿಷುವವು ಮಾರ್ಚ್ 15ರ ಆಸುಪಾಸಿನಲ್ಲಿದ್ದರೆ ಮೇಷ ಸಂಕ್ರಾಂತಿ 24ರ ಸುಮಾರಿಗೆ ಬರುತ್ತಿತ್ತು. ತೇದಿ ಪರಿಶೀಲಿಸುವವರು ಇದಕ್ಕಾಗಿ ಇಂದಿಗೂ ತಿರುವಿ ನೋಡುವ ಕೋಷ್ಟಕಗಳಲ್ಲಿ, ಅದೇ ಸಾಯನವಾದಿ ದೀಕ್ಷಿತರು ರಾಬರ್ಟ್ ಸೂಯೆಲ್‌ರೊಡನೆ 1896ರಲ್ಲಿ ಪ್ರಕಟಿಸಿದವೂ ಸೇರಿವೆ.